ಗಂಟೆಯಕ್ಕ ಬಡಿದು ನೋಡಿದ ಕಲ್ಲು

ಅಪ್ಪ ಅಮ್ಮ ಅವಳಿಗೆ ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಆದರೆ ಕಾರ್ಖಾನೆಗೆ ಸೇರಿದ ಮೇಲೆ ಆ ಹೆಸರನ್ನು ಕರೆಯುವವರೇ ಇಲ್ಲವಾಗಿ, ಕೊನೆಗೆ ಒಡಹುಟ್ಟಿದ ತಮ್ಮನ ಬಾಯಲ್ಲೂ ಅವಳು ಗಂಟೆಯಕ್ಕನೇ ಆದಳು. ಹಾಗಂತ ಗಂಟೆ ಹೊಡೆಯುವ ಕೆಲಸವೇನೂ ಅವಳದಲ್ಲ. ಅವಳಿದ್ದದ್ದು ಸ್ಟೋರಿನಲ್ಲಿ. ನಟ್ಟು ಬೋಲ್ಟು, ಅರ, ಗರಗಸದ ಬ್ಲೇಡು, ಕೈಗವಸು, ಯಾರಿಗೆ ಏನು ಬೇಕೋ ಅದನ್ನು ಕಿಟಕಿಯಿಂದ ಕೊಡುವುದು, ವಾಪಸು ಬಂದದ್ದನ್ನು ಒರೆಸಿ ಇಡುವುದು, ಒರೆಸದೆ ತಂದವರಿಗೆ ಎರಡು ಮಾತು ಅನ್ನುವುದು. ಇದರ ಜೊತೆಗೆ ಇನ್ನೊಂದು ಕೆಲಸವಿತ್ತು. ಹೆಸರು ಬಂದದ್ದು ಅದರಿಂದ.

ಕಾರ್ಖಾನೆಯಲ್ಲಿ ಉಳಿ, ಡ್ರಿಲ್ಲು, ಕತ್ತರಿ, ಏನೇ ಮೊಂಡಾದರೂ ಸಾಣೆ ಯಂತ್ರದ ಹತ್ತಿರ ಹೋಗಬೇಕು. ಎದೆಯೆತ್ತರದ ಕಬ್ಬಿಣದ ಕಂಬ, ಅದರ ತಲೆಯ ಮೇಲೆ ಅಡ್ಡಕ್ಕೆ ಮಲಗಿದ ಮೋಟಾರು, ಮೋಟಾರಿನ ಎರಡು ತುದಿಗೂ ಊಟದ ತಟ್ಟೆಯಷ್ಟು ಅಗಲದ ಒಂದೊಂದು ಸಾಣೆಕಲ್ಲು. ಅದು ತಿರುಗುವ ವೇಗಕ್ಕೆ, ಒಳಗೆ ಕೂದಲೆಳೆಯಷ್ಟು ಸೀಳಿದ್ದರೂ ಸಾಕು, ಕಲ್ಲು ಸಿಡಿದು ಎದುರಿಗಿದ್ದವರ ಮುಖಕ್ಕೇ ಬರುತ್ತದೆ. ಆ ಸೀಳು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಸಿಗುತ್ತದೆ. ಕಲ್ಲಿನ ನಡುವಿನ ತೂತಿಗೆ ಬೆರಳು ತೂರಿಸಿ, ಎತ್ತಿ ಹಿಡಿದು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ಬಡಿಯಬೇಕು. ಕಲ್ಲು ಗಟ್ಟಿಯಿದ್ದರೆ ಟಿಣ್ಣೆಂದು ಗಂಟೆಯ ಹಾಗೆ ನುಡಿಯುತ್ತದೆ. ಸೀಳಿದ್ದರೆ ದಬ್ ಎಂದು ಅಲ್ಲೇ ಸಾಯುತ್ತದೆ.

ಹೊಸ ಕಲ್ಲು ಬಂದಾಗಲೆಲ್ಲ ಅವಳು ಬಡಿದು, ತಲೆ ಓರೆ ಮಾಡಿ ಕೇಳಿ, "ಸರಿಯಿದೆ" ಎಂದರೆ ಮಾತ್ರ ಅದು ಕಿಟಕಿ ದಾಟುತ್ತಿತ್ತು. ಜಾಗ ಬದಲಾಯಿಸಿದ ಕಲ್ಲನ್ನು ಮತ್ತೆ ಬಡಿಯದೆ ಹಾಕಬಾರದು ಎಂಬುದು ಅವಳೇ ಮಾಡಿದ ಕಟ್ಟಳೆ. ಅವಳು ಒಂದು ದಿನವೂ ಸಾಣೆ ಯಂತ್ರದ ಮುಂದೆ ನಿಂತವಳಲ್ಲ. ಆದರೆ ಅಲ್ಲಿ ನಿಂತವರೆಲ್ಲ, ಮೇಲಿನವರು ಕೆಳಗಿನವರು ಎನ್ನದೆ, ಅವಳ ಆ ಒಂದು ಮಾತನ್ನು ನಂಬಿ ತಮ್ಮ ಕಣ್ಣು ಮೂಗನ್ನು ಕಲ್ಲಿನ ಮುಂದೆ ಒಡ್ಡಿದರು. ಅವಳಿದ್ದಷ್ಟು ವರ್ಷವೂ ಒಂದು ಕಲ್ಲು ಸಿಡಿಯಲಿಲ್ಲ. ಇದರ ಬಗ್ಗೆ ಅವಳಿಗೆ ಜಂಬವಿರಲಿಲ್ಲ ಎಂದರೆ ಸುಳ್ಳಾದೀತು. ಇತ್ತು, ಬೇಕಾದಷ್ಟಿತ್ತು.

ನಿವೃತ್ತಿಯ ದಿನ ಎಲ್ಲರಿಗೂ ಗಡಿಯಾರ ಕೊಟ್ಟು ಕಳಿಸುವುದು ಅಲ್ಲಿನ ವಾಡಿಕೆ. ಅವಳಿಗೆ ಮಾತ್ರ ಎಲ್ಲರೂ ಸೇರಿ ಒಂದು ಹೊಸ ಸಾಣೆಕಲ್ಲು ಕೊಟ್ಟರು. "ಇದನ್ನೂ ಬಡಿದು ನೋಡೇ ತಗೋತಾಳೆ ನೋಡ್ರೋ" ಎಂದು ಯಾರೋ ಹಿಂದಿನಿಂದ ಅಂದರು. ಅವಳು ನಿಜಕ್ಕೂ ಬಡಿದಳು. ಅಷ್ಟು ದೊಡ್ಡ ಷೆಡ್ಡು, ಅಷ್ಟು ಜನ, ಎಲ್ಲರೂ ಮೈಯೆಲ್ಲ ಕಿವಿಯಾಗಿ ನಿಂತರು. ಕಲ್ಲು ನುಡಿದದ್ದು ನುಡಿಯುತ್ತಲೇ ಇತ್ತು, ನಿಂತಿತು ಎಂದುಕೊಂಡ ಮೇಲೂ ಇನ್ನೊಂದು ಚೂರು ಉಳಿದಿತ್ತು. ಇಷ್ಟು ಚೆನ್ನಾಗಿ ನುಡಿದ ಕಲ್ಲನ್ನು ತಾನು ಕೇಳಿಯೇ ಇಲ್ಲ ಎಂದುಕೊಂಡು ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಳು.

ಆಮೇಲೆ ಅವಳ ಕಿವಿ ಮಂದವಾಗತೊಡಗಿತು. ಒಂದೇ ಸಲಕ್ಕೆ ಹೋಗಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಅದು ಹಾಗೆ ಹೋಗಲಿಲ್ಲ, ಮನೆ ಖಾಲಿ ಮಾಡುವವರ ಹಾಗೆ ಒಂದೊಂದೇ ಸಾಮಾನು ಎತ್ತಿಕೊಂಡು ಹೋಯಿತು. ಮೊದಲು ನೀರು ಕುದಿಯುವ ಸದ್ದು, ಆಮೇಲೆ ಬಾಗಿಲ ಗಂಟೆ, ಆಮೇಲೆ ಬೆನ್ನ ಹಿಂದಿನ ಮಾತು. ಒಂಟಿ ಹೆಂಗಸು, ನಮ್ಮ ಮನೆಗೇ ಬಂದು ಇರು ಎಂದು ತಮ್ಮ ಕರೆದಾಗ ಅವಳು ಒಪ್ಪಿದ್ದಕ್ಕೆ ಇದೂ ಒಂದು ಕಾರಣ. ಆದರೆ ಅಲ್ಲಿಯೂ ಗುಟ್ಟು ಬಿಟ್ಟುಕೊಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟೇ ಕೂರುವುದು, ತುಟಿ ನೋಡಿ ಮಾತು ತಿಳಿಯುವುದು, ತಿಳಿಯದಿದ್ದರೆ ನಕ್ಕುಬಿಡುವುದು. ಸಾಮಾನಿನ ಗಾಡಿಯಲ್ಲಿ ಎತ್ತಿ ಇಳಿಸಿ ಬಂದ ಕಲ್ಲನ್ನು, ತನ್ನ ಕಟ್ಟಳೆಯಂತೆ, ಅವಳು ಮತ್ತೆ ಬಡಿದು ನೋಡಬೇಕಿತ್ತು. ನೋಡಲಿಲ್ಲ. ಗಂಟನ್ನು ಬಿಚ್ಚದೆ ಕಪಾಟಿನ ಮೇಲಿಟ್ಟಳು. ಬಡಿದು, ಕೇಳಿಸದಿದ್ದರೆ? ಆ ಭಯ ಅವಳಿಗೆ ಸಾವಿನ ಭಯಕ್ಕಿಂತ ದೊಡ್ಡದಾಗಿತ್ತು.

ತಮ್ಮನದು ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಮನೆಗೆ ಹೊಂದಿಕೊಂಡೇ ಅವನ ತಗಡಿನ ಷೆಡ್ಡು. ಅವನ ಹೆಂಡತಿ ಟೈಲರು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಮೈಮೇಲೆ ಸದಾ ಯಾವುದಾದರೊಂದು ಬಣ್ಣದ ನೂಲೆಳೆ, ಬಾಯಲ್ಲಿ ಸದಾ ಯಾವುದಾದರೊಂದು ಮಾತು. ಒಂದು ದಿನ ಬಾಡಿಗೆ ಗಾಡಿಯಲ್ಲಿ ತಮ್ಮ ಏನೋ ಭಾರದ್ದನ್ನು ಹೇರಿಕೊಂಡು ಬಂದ. ಟಾರ್ಪಾಲು ಸರಿಸಿದಾಗ ಗಂಟೆಯಕ್ಕ ಅದನ್ನು ಗುರುತು ಹಿಡಿದಳು. ಕಾರ್ಖಾನೆಯ ಹಳೆಯ ಸಾಣೆ ಯಂತ್ರ. ಅವಳು ಕೆಲಸಕ್ಕೆ ಸೇರುವ ಮೊದಲೇ ಅದು ಅಲ್ಲಿ ಹಳತಾಗಿತ್ತು. ಈಗ ತುಕ್ಕು ಹಿಡಿದು, ಕಲ್ಲುಗಳು ಬಿಲ್ಲೆಯಷ್ಟಕ್ಕೆ ಸವೆದು, ಗುಜರಿಯವನ ಅಂಗಳದಲ್ಲಿ ಬಿದ್ದಿತ್ತಂತೆ.

"ಇದೇನ್ರೀ, ಆನೆ ಮರಿ ತಂದಿದೀರಾ?" ಎಂದಳು ಟೈಲರು.

"ನಿನ್ನ ಕತ್ತರಿಗಳಿಗೆ ಸಾಣೆ ಹಿಡಿಯೋಕೆ ಕಣೇ."

"ನಂಗಿರೋದು ಮೂರು ಕತ್ತರಿ. ಅದಕ್ಕೆ ಆನೆ ಬೇಕಾ?"

ತಮ್ಮ ಆಗ ಅಕ್ಕನ ಕಡೆ ತಿರುಗಿ ಹೇಳಿದ. "ಅಕ್ಕಾ, ಇದನ್ನ ಓಡಿಸ್ತೀನಿ. ಮೊದಲು ಹೆಂಗೆ ಓಡ್ತಿತ್ತೋ ಹಂಗೇ."

ಅವಳು ಯಂತ್ರದ ಕಂಬದ ಮೇಲೆ ಕೈಯಿಟ್ಟಳು. ಬೀಡು ಕಬ್ಬಿಣ ಬಿಸಿಲಿಗೆ ಕಾದಿತ್ತು. ಇಷ್ಟು ವರ್ಷ ತಾನು ಕಲ್ಲು ಆರಿಸಿ ಕಳಿಸಿದ್ದು ಇದಕ್ಕೇ, ಇದನ್ನು ಮುಟ್ಟಿದ್ದು ಮಾತ್ರ ಇವತ್ತೇ ಎಂದು ಅವಳಿಗೆ ಆಗ ಹೊಳೆಯಿತು.

ಮೊದಲ ದಿನವೇ ಯಂತ್ರ ತನ್ನ ಜೋರು ತೋರಿಸಿತು. ಬಲಗಡೆಯ ನಟ್ಟು ಎಣ್ಣೆ ಕುಡಿದು ಸುಲಭವಾಗಿ ಬಂತು. ಎಡಗಡೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ಪೈಪು ತೊಡಿಸಿ ತಮ್ಮ ಎಳೆದ, ಬೆವರಿದ, ಗುಜರಿಯವನಿಗೆ ಬೈದ, ಸುಮ್ಮನಿದ್ದ ಹೆಂಡತಿಗೂ ಬೈದ. ಗಂಟೆಯಕ್ಕ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ಅದು ಉಲ್ಟಾ ಕಣೋ," ಎಂದಳು ಕೊನೆಗೆ. "ಎಡಗಡೆ ನಟ್ಟು ಉಲ್ಟಾ ಥ್ರೆಡ್ಡು. ಸ್ಟೋರಲ್ಲಿ ಅದನ್ನ ಬೇರೆ ಡಬ್ಬೀಲೇ ಇಡ್ತಿದ್ದೆ. ನೀನು ಬೆಳಗಿಂದ ಬಿಚ್ತಾ ಇಲ್ಲ, ಬಿಗೀತಾ ಇದೀಯ."

"ಮೊದಲೇ ಹೇಳಬಾರದಾ?"

"ನೀನು ಕೇಳಿದ್ಯಾ?"

ಪೈಪನ್ನು ಆ ಕಡೆಗೆ ಹಾಕಿ ಒಂದು ಸಲ ಅದುಮಿದ, ನಟ್ಟು ತಲೆಬಾಗಿತು. ಯಾಕೆ ಹೀಗೆ ಮಾಡಿದ್ದಾರೆಂದು ಆಮೇಲೆ ತಮ್ಮನೇ ಹೆಂಡತಿಗೆ ಬಿಡಿಸಿ ಹೇಳಿದ. ಎರಡೂ ಕಡೆ ಒಂದೇ ರೀತಿಯ ನಟ್ಟು ಹಾಕಿದ್ದರೆ, ಕಲ್ಲು ತಿರುಗುವ ರಭಸಕ್ಕೆ ಒಂದು ಕಡೆಯದು ತಾನೇ ಸಡಿಲವಾಗಿ ಕಳಚಿಕೊಳ್ಳುತ್ತದೆ. ಈಗ ತಿರುಗಿದಷ್ಟೂ ಎರಡೂ ಬಿಗಿಯಾಗುತ್ತವೆ. ಟೈಲರು ಮೂಗಿನ ಮೇಲೆ ಬೆರಳಿಟ್ಟಳು. "ಯಾರೋ ಪುಣ್ಯಾತ್ಮ ಕೂತು ಯೋಚನೆ ಮಾಡಿದಾನಲ್ರೀ" ಎಂದಳು. ಯಂತ್ರದ ಬಗ್ಗೆ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು.

ಆ ದಿನದಿಂದ ಮೂವರಿಗೂ ಯಂತ್ರದ ಹುಚ್ಚು ಹತ್ತಿತು. ಬಣ್ಣ ಕೆರೆದಷ್ಟೂ ಒಳಗೆ ಇನ್ನೊಂದು ಬಣ್ಣ. ಬೂದಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು, ಎಲ್ಲದರ ಕೆಳಗೆ ಕಬ್ಬಿಣ. ಆ ಕಬ್ಬಿಣದ ಅಂಚುಗಳನ್ನು ಯಾರೋ ಕೈಯಲ್ಲಿ ಅರ ಹಿಡಿದು ಉಜ್ಜಿ ದುಂಡಗೆ ಮಾಡಿದ್ದರು, ಕೆಲಸ ಮಾಡುವವರ ತೋಳು ತಾಗಿದರೆ ಗೀರಬಾರದೆಂದು. ಬೇರಿಂಗುಗಳಲ್ಲಿ ಗ್ರೀಸು ಮೇಣವಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ ತೊಳೆದರೆ ಒಳಗಿನ ಗುಂಡುಗಳು ನಿನ್ನೆ ತಂದ ಹಾಗೆ ಹೊಳೆದವು. ತಮ್ಮ ಒಂದು ಬೇರಿಂಗನ್ನು ಕೋಲಿಗೆ ಸಿಕ್ಕಿಸಿ ಬೆರಳಿನಿಂದ ತಳ್ಳಿದ. ಅದು ತಿರುಗುತ್ತಲೇ ಇತ್ತು. ಮೂವರೂ ಸುಮ್ಮನೆ ನೋಡುತ್ತ ನಿಂತರು, ಮಾತಿನ ಮಲ್ಲಿ ಟೈಲರೂ ಸೇರಿ.

ಆದರೆ ನಿಜವಾದ ಬೆರಗು ಮೋಟಾರಿನ ಒಳಗೆ ಕಾದಿತ್ತು. "ತಂತಿ ಎಲ್ಲ ಸುಟ್ಟಿರುತ್ತೆ, ಕತ್ತರಿಸಿ ತೆಗೆದು ಹೊಸದು ಸುತ್ತಬೇಕು" ಎಂದು ತಮ್ಮ ಮೊದಲೇ ತೀರ್ಮಾನ ಮಾಡಿ, ತಂತಿ ಕತ್ತರಿಸುವ ಇಕ್ಕಳವನ್ನು ಕೈಯಲ್ಲೇ ಹಿಡಿದು ಮುಚ್ಚಳ ತೆಗೆದ. ತೆಗೆದವನು ಹಾಗೇ ನಿಂತ. ಗಂಟೆಯಕ್ಕ ಹತ್ತಿರ ಹೋಗಿ ಬಗ್ಗಿ ನೋಡಿದಳು.

ತಂತಿಯ ಸುರುಳಿಗಳನ್ನು ಹತ್ತಿಯ ದಾರದಿಂದ ಸುತ್ತಲೂ ಕಟ್ಟಿದ್ದರು. ಒಂದೊಂದು ಗಂಟೂ ಒಂದೇ ಕಡೆಗೆ ಮುಖ ಮಾಡಿತ್ತು. ಗಂಟಿನಿಂದ ಗಂಟಿಗೆ ಒಂದೇ ಅಂತರ. ಪ್ರತಿ ಗಂಟಿನ ತುದಿಯನ್ನೂ ಒಂದೇ ಅಳತೆಗೆ ಕತ್ತರಿಸಿ, ಅರಗು ಹಚ್ಚಿ ಒಳಗೆ ಮಡಿಸಿಟ್ಟಿದ್ದರು. ಮುಚ್ಚಳ ಹಾಕಿದ ಮೇಲೆ ಯಾರ ಕಣ್ಣಿಗೂ ಬೀಳದ ಜಾಗ ಅದು. ಯಾರೂ ನೋಡದ ಜಾಗದಲ್ಲಿ ಯಾರೋ ಇಷ್ಟು ಅಂದವಾಗಿ ಕೆಲಸ ಮಾಡಿ, ಮುಚ್ಚಳ ಮುಚ್ಚಿ, ಕೈ ತೊಳೆದು ಮನೆಗೆ ಹೋಗಿದ್ದರು. ತಮ್ಮನ ತುಟಿ ಅಲ್ಲಾಡಿತು. ಗಂಟೆಯಕ್ಕನಿಗೆ ಕೇಳಲಿಲ್ಲ, ಆದರೆ ತುಟಿ ಓದಿದಳು. "ಯಾರು ಕಟ್ಟಿದ್ದೋ ಅಕ್ಕಾ. ಇಷ್ಟು ವರ್ಷ ಸುತ್ತಿದೀನಿ, ಒಂದು ದಿನಾನೂ ನಾನು ಹಿಂಗೆ ಕಟ್ಟಿಲ್ಲ."

ಇಕ್ಕಳ ಪೆಟ್ಟಿಗೆಗೆ ಹೋಯಿತು. ಸುಟ್ಟದ್ದೇನೂ ಇರಲಿಲ್ಲ, ಬರೀ ತೇವ ಹಿಡಿದಿತ್ತು. ಮೋಟಾರಿನ ಹೊಟ್ಟೆಯೊಳಗೆ ತಮ್ಮ ಒಂದು ಬಲ್ಬು ಉರಿಸಿಟ್ಟು, ಮೇಲೆ ಕಂಬಳಿ ಹೊದೆಸಿ, ಬಾಣಂತಿಯನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡ. ದಿನಾ ಬೆಳಿಗ್ಗೆ ಮೀಟರು ಹಚ್ಚಿ ನೋಡುವುದು, ತೇವ ಆರಿದಷ್ಟೂ ಅದರ ಮುಳ್ಳು ಮೇಲೇರಬೇಕು. ಮೊದಲ ದಿನ ಮುಳ್ಳು ಬುಡ ಬಿಟ್ಟು ಏಳಲಿಲ್ಲ. ಆಮೇಲೆ ಒಂದಿಷ್ಟು ಕದಲಿತು. ಒಂದು ಬೆಳಿಗ್ಗೆ ಮುಳ್ಳು ಸರ್ರನೆ ಎದ್ದು ಆ ತುದಿಗೆ ಹೋಗಿ ನಿಂತಾಗ ತಮ್ಮ ಹಲ್ಲುಜ್ಜುವುದನ್ನೂ ಬಿಟ್ಟು ಅಕ್ಕನನ್ನು ಕೈಹಿಡಿದು ಎಳೆದು ತಂದು ತೋರಿಸಿದ. ಸತ್ತೇಹೋಯಿತೆಂದು ಎಲ್ಲರೂ ಕೈಬಿಟ್ಟದ್ದು ಒಳಗೆ ಇಷ್ಟು ಜೀವ ಇಟ್ಟುಕೊಂಡು ಸುಮ್ಮನೆ ಕೂತಿತ್ತಲ್ಲ ಎಂದು ಅವಳಿಗೆ ಅನ್ನಿಸಿತು.

"ಇನ್ನು ಕಲ್ಲೊಂದೇ ಬಾಕಿ," ಎಂದ ತಮ್ಮ. "ಬಲಗಡೆಗೆ ತಂತಿ ಬ್ರಷ್ಷು ಹಾಕ್ತೀನಿ. ಎಡಗಡೆಗೆ ನಿನ್ನ ಕಲ್ಲು. ಕಪಾಟಿನ ಮೇಲೆ ಇದೆಯಲ್ಲ."

ಗಂಟೆಯಕ್ಕನ ಎದೆ ಧಸಕ್ಕೆಂದಿತು. ಮುಖ ಮಾತ್ರ ನಗುತ್ತಿತ್ತು, ಅಭ್ಯಾಸ.

"ಬಡಿದು ನೋಡಿ ತಾ," ಎಂದ ತಮ್ಮ. "ನೀನು ಸರಿಯಿದೆ ಅಂದ್ರೆ ಮುಗೀತು."

ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಲ್ಲರೆದುರು ಬಡಿಯುವ ಧೈರ್ಯವಿರಲಿಲ್ಲ. ಗಂಟು ಬಿಚ್ಚಿ, ಕಲ್ಲಿನ ಧೂಳು ಒರೆಸಿ, ತೂತಿಗೆ ಬೆರಳು ಹಾಕಿ ಎತ್ತಿದಳು. ಮರದ ಹಿಡಿಯಿಂದ ಬಡಿದಳು, ತಲೆ ಓರೆ ಮಾಡಿ ಕಾದಳು. ಟಿಣ್ ಎಂದಿತು. ಹಳೆಯ ಹಾಗೇ, ನಿಂತ ಮೇಲೂ ಒಂದು ಚೂರು ಉಳಿಯುವ ಹಾಗೆ. ತಿರುಗಿಸಿ ಇನ್ನೊಂದು ಕಡೆ ಬಡಿದಳು. ಮತ್ತೆ ಅದೇ ಟಿಣ್. ಕಣ್ಣಲ್ಲಿ ನೀರು ಬಂತು. ಎಲ್ಲವೂ ಹೋದರೂ ಇದೊಂದು ತನಗಾಗಿ ಉಳಿದಿದೆ ಎಂದುಕೊಂಡಳು. ಮುಖ ತೊಳೆದು ಹೊರಗೆ ಬಂದು ಕಲ್ಲನ್ನು ತಮ್ಮನ ಕೈಗಿಟ್ಟು, "ಸರಿಯಿದೆ" ಎಂದಳು. ತಮ್ಮ ಮರುಮಾತಾಡದೆ ಕಲ್ಲಿನ ಎರಡೂ ಕಡೆ ಕಾಗದದ ಬಿಲ್ಲೆ ಇಟ್ಟು, ಉಲ್ಟಾ ನಟ್ಟನ್ನು ಉಲ್ಟಾ ಬಿಗಿದ. ಊಟ ಮುಗಿಸಿ ಬಂದು ಮೊದಲ ಸಲ ಓಡಿಸುವುದೆಂದು ಮಾತಾಯಿತು.

ಊಟ ಮುಗಿಯಿತು. ತಮ್ಮ, ಅವನ ಹೆಂಡತಿ ಷೆಡ್ಡಿಗೆ ನಡೆದರು. "ನೀನು ಬಾ, ಕಾಯ್ತಿರ್ತೀವಿ" ಎಂದು ತಮ್ಮ ಬಾಗಿಲಲ್ಲಿ ತಿರುಗಿ ನಿಂತು ಹೇಳಿದ. ಗಂಟೆಯಕ್ಕ ಅಡುಗೆಮನೆಯಲ್ಲಿ ಉಳಿದದ್ದನ್ನು ಮುಚ್ಚಿಡುತ್ತಿದ್ದಳು. ದೊಡ್ಡ ಪಾತ್ರೆಯ ಮುಚ್ಚಳಕ್ಕೆ ಒಂದು ಬಳೆಯಿತ್ತು. ಬಳೆಗೆ ಬೆರಳು ಹಾಕಿ ಮುಚ್ಚಳ ಎತ್ತಿದಾಗ ಅದು ಪಾತ್ರೆಯ ಅಂಚಿಗೆ ತಾಗಿತು. ಕಿವಿಗೆ ಏನೂ ಕೇಳಲಿಲ್ಲ. ಆದರೆ ಬೆರಳಿನಲ್ಲಿ ಸಣ್ಣಗೆ ಒಂದು ನಡುಕ ಎದ್ದು ಮಣಿಕಟ್ಟಿನವರೆಗೆ ಬಂದು ಆರಿತು.

ಅವಳು ಮುಚ್ಚಳ ಹಿಡಿದೇ ನಿಂತಳು. ಇನ್ನೊಂದು ಸಲ ಬೇಕೆಂದೇ ತಾಗಿಸಿದಳು. ಮತ್ತೆ ಅದೇ ನಡುಕ. ಇದು ಬೆರಳಿಗೆ ಹೊಸದಲ್ಲ. ಸ್ಟೋರಿನ ಕಿಟಕಿಯ ಹಿಂದೆ ಒಂದೊಂದು ಒಳ್ಳೆಯ ಕಲ್ಲು ನುಡಿದಾಗಲೂ ಈ ನಡುಕ ಈ ಬೆರಳಿಗೆ ಬಂದೇ ಬರುತ್ತಿತ್ತು. ಕಿವಿಯೇ ಎಲ್ಲ ಹೇಳುತ್ತಿದ್ದಾಗ ಬೆರಳಿನ ಮಾತನ್ನು ಯಾರು ಗಮನಿಸುತ್ತಾರೆ? ಬೆಳಿಗ್ಗೆ ಕೋಣೆಯಲ್ಲಿ ಕಲ್ಲು ಬಡಿದಾಗ ಬೆರಳು ಸತ್ತ ಹಾಗಿತ್ತು. ಏನೂ ಬರಲಿಲ್ಲ. ಹಾಗಾದರೆ ಆ ಟಿಣ್? ಅದನ್ನು ಅವಳು ಕೇಳಿರಲೇ ಇಲ್ಲ. ನೆನಪು ಮಾಡಿಕೊಂಡಿದ್ದಳು.

ಯಂತ್ರ ಈಗಾಗಲೇ ಓಡುತ್ತಿದೆಯೋ ಇಲ್ಲವೋ, ಅದೂ ಅವಳಿಗೆ ಗೊತ್ತಾಗುವಂತಿರಲಿಲ್ಲ. ಅಡುಗೆಮನೆಯಿಂದ ಷೆಡ್ಡಿಗೆ ಎಷ್ಟು ದೂರ, ಒಂದು ಹಿತ್ತಲು ಅಷ್ಟೇ. ಆ ವಯಸ್ಸಿನಲ್ಲಿ ಅವಳು ಓಡಿದ ಓಟವನ್ನು ನೋಡಿ ಪಕ್ಕದ ಮನೆಯವರು ಏನಾಯಿತೋ ಎಂದು ಎದ್ದು ನಿಂತರಂತೆ. ಮುಚ್ಚಳ ಕೈಯಲ್ಲೇ ಇತ್ತು.

ಕಲ್ಲು ಶುರುವಾಗುವಾಗ ಎದುರಿಗೆ ನಿಲ್ಲಬಾರದೆಂದು ತಮ್ಮ ಯಂತ್ರದ ಪಕ್ಕಕ್ಕೆ ಸರಿದು ಸ್ವಿಚ್ಚಿನ ಮೇಲೆ ಕೈಯಿಟ್ಟಿದ್ದ. ಅವನ ಹೆಂಡತಿ ಮಾತ್ರ, ತನ್ನ ತುಕ್ಕು ಹಿಡಿದ ಹಳೆಯ ಕತ್ತರಿಯನ್ನು ಎರಡು ಕೈಯಲ್ಲಿ ಹಿಡಿದು, ಫೋಟೊ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ಕಲ್ಲಿನ ಎದುರಿಗೇ ನಿಂತಿದ್ದಳು.

"ಕೈ ತೆಗಿ," ಎಂದಳು ಗಂಟೆಯಕ್ಕ. ಉಸಿರು ಸಾಲದೆ ದನಿ ಸಣ್ಣಗೆ ಬಂತು. "ಕೈ ತೆಗಿಯೋ. ಪ್ಲಗ್ ಕಿತ್ತು ಹಾಕು."

ತಮ್ಮ ಗಾಬರಿಯಾಗಿ ಪ್ಲಗ್ ಕಿತ್ತ. "ಏನಾಯ್ತಕ್ಕಾ?"

"ನಾನು ಸರಿಯಿದೆ ಅಂದಿದ್ದು ಸುಳ್ಳು. ನಂಗೆ ಕೇಳಿಸಲಿಲ್ಲ. ನಂಗೆ ಏನೂ ಕೇಳಿಸಲ್ಲ ಕಣೋ, ಯಾವಾಗಿಂದಲೋ." ಇಷ್ಟು ಹೇಳಿ ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಬಚ್ಚಿಟ್ಟದ್ದು ಎರಡೇ ಮಾತಿನಲ್ಲಿ ಮುಗಿದುಹೋಗಿತ್ತು. ಅವಮಾನಕ್ಕೆ ಅವಳಿಗೆ ತಲೆಯೆತ್ತಲಾಗಲಿಲ್ಲ.

ಕೊನೆಗೆ ತಲೆಯೆತ್ತಿ ನೋಡಿದರೆ, ಟೈಲರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಅತ್ತಿಗೆ, ನಾನು ಎಷ್ಟೋ ಸಲ ನಿಮ್ಮ ಬೆನ್ನ ಹಿಂದೆ ಗೊಣಗಿದೀನಿ. ನೀವು ತಿರುಗಿ ನಗ್ತಿದ್ರಿ. ನಮ್ಮತ್ತಿಗೆದು ಎಂಥಾ ದೊಡ್ಡ ಮನಸ್ಸು ಅಂದ್ಕೊಂಡಿದ್ದೆ ನಾನು."

ಗಂಟೆಯಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. "ಏನಂತ ಗೊಣಗ್ತಿದ್ದೆ?"

"ಕೇಳಿಸದೇ ಇದ್ದಿದ್ದೇ ಒಳ್ಳೇದಾಯ್ತು ಬಿಡಿ."

ತಮ್ಮ ನಟ್ಟು ಬಿಚ್ಚಿ ಕಲ್ಲು ಇಳಿಸಿ ತಂದ. ಗಂಟೆಯಕ್ಕ ಅದಕ್ಕೆ ಬೆರಳು ಹಾಕಿ ಎತ್ತಿ ಹಿಡಿದಳು. ಮರದ ಹಿಡಿಯನ್ನು ಟೈಲರಿನ ಕೈಗೆ ಕೊಟ್ಟು, "ನೀನು ಬಡಿ, ನೀನೇ ಕೇಳು" ಎಂದಳು. ಟೈಲರು ಬಡಿದಳು. ಬೆರಳಿಗೆ ಏನೂ ಬರಲಿಲ್ಲ. ಟೈಲರಿನ ಮುಖ ಬಿಳಿಚಿಕೊಂಡಿತು.

"ಹೆಂಗಂತು?" ಎಂದು ಕೇಳಿದಳು ಗಂಟೆಯಕ್ಕ.

"ದಿಂಬಿಗೆ ಹೊಡೆದ ಹಂಗೆ."

ಕಲ್ಲನ್ನು ತಮ್ಮ ನೆಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಒಂದು ಹದವಾದ ಪೆಟ್ಟು ಕೊಟ್ಟ. ಕಲ್ಲು ಸದ್ದು ಗದ್ದಲವಿಲ್ಲದೆ ಎರಡು ಹೋಳಾಗಿ ಆ ಕಡೆ ಈ ಕಡೆ ಮಲಗಿತು. ಅಂಚಿನಿಂದ ನಡುವಿನ ತೂತಿನವರೆಗೆ ಬಂದ ಹಳೆಯ ಸೀಳಿನಲ್ಲಿ ಮಾಸಲು ಬಣ್ಣದ ಧೂಳು ಕೂತಿತ್ತು. ಯಾವಾಗ ಆಗಿತ್ತೋ, ಗಾಡಿಯಿಂದ ಇಳಿಸಿದ ದಿನವೇ ಇರಬೇಕು. ಮೂವರೂ ಆ ಹೋಳುಗಳನ್ನು ನೋಡಿದರು, ಆಮೇಲೆ ಟೈಲರು ಸ್ವಲ್ಪ ಮೊದಲು ನಿಂತಿದ್ದ ಜಾಗವನ್ನು ನೋಡಿದರು. ತಮ್ಮ ತನ್ನ ಹೆಂಡತಿಯ ತೋಳು ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ. ಗಂಟೆಯಕ್ಕ ತನ್ನ ತೋರುಬೆರಳನ್ನು ತಾನೇ, ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಯಾರೂ ಕೇಳದೆ, ಯಾರೂ ಮೆಚ್ಚದೆ, ಜೀವಮಾನವಿಡೀ ಕಿವಿಯ ಜೊತೆಗೇ ಅದೂ ಕಲಿತಿತ್ತು. ಮೋಟಾರಿನ ಒಳಗಿನ ಗಂಟುಗಳನ್ನು ಕಟ್ಟಿದವನ ನೆನಪು ಅವಳಿಗೆ ಯಾಕೋ ಆಯಿತು.

ಅಂಗಡಿಯಿಂದ ತಮ್ಮ ಹೊಸ ಕಲ್ಲು ತಂದ. ಆವತ್ತಿನ ಪರೀಕ್ಷೆ ಇಬ್ಬರದು. ಬೆರಳು ಗಂಟೆಯಕ್ಕನದು, ಕಿವಿ ಟೈಲರಿನದು. ಇಬ್ಬರೂ ಒಪ್ಪಿದರೆ ಮಾತ್ರ ಕಲ್ಲು ಯಂತ್ರಕ್ಕೆ ಏರುವುದು. ಗಂಟೆಯಕ್ಕ ಕಣ್ಣು ಮುಚ್ಚಿದಳು. ಟೈಲರು ಬಡಿದಳು. ಬೆರಳಿನ ಬುಡದಲ್ಲಿ ಜುಮ್ಮೆಂದು ಹೊರಟದ್ದು ಮಣಿಕಟ್ಟು ದಾಟಿತು, ಮೊಣಕೈಗೆ ಬಂತು, ಆರಿತು ಎಂದುಕೊಂಡ ಮೇಲೂ ಒಂದು ಚೂರು ಉಳಿದಿತ್ತು. ಕಿವಿಯಿಂದ ಹೊರಟುಹೋದದ್ದು ಈ ದಾರಿಯಿಂದ ಮನೆಗೆ ವಾಪಸು ಬಂದಿತ್ತು. ಟೈಲರು ಬಾಯಿ ತೆರೆಯುವ ಮೊದಲೇ ಅವಳು ಹೇಳಿದ್ದಳು, "ಸರಿಯಿದೆ."

"ಗಂಟೆ ಹೊಡೆದಂಗಿದೆ ಕಣ್ರೀ" ಎಂದಳು ಟೈಲರು ಗಂಡನಿಗೆ.

ಯಂತ್ರ ಓಡುವ ಹೊತ್ತಿಗೆ ಮೂವರೂ ಪಕ್ಕಕ್ಕೆ ನಿಂತಿದ್ದರು. ನಡುಕವಿದ್ದರೆ ತುಳುಕಿ ತಿಳಿಯಲೆಂದು ಮೋಟಾರಿನ ಬೆನ್ನ ಮೇಲೆ ತಮ್ಮ ಒಂದು ಗಾಜಿನ ಲೋಟ ಇಟ್ಟು ಅಂಚಿನವರೆಗೆ ನೀರು ತುಂಬಿದ. ಸ್ವಿಚ್ಚು ಹಾಕಿದ. ಗಂಟೆಯಕ್ಕ ಕಂಬದ ಮೇಲೆ ಅಂಗೈಯಿಟ್ಟು ಲೋಟವನ್ನೇ ನೋಡುತ್ತಿದ್ದಳು. ನೀರು ಕದಲಲಿಲ್ಲ. ಸೂರಿನ ದೀಪದ ಬಿಂಬ ಅದರೊಳಗೆ ಇದ್ದ ಹಾಗೇ ಇತ್ತು. ಓಡಲಿಲ್ಲವೇನೋ ಎಂದುಕೊಂಡಳು. ತಮ್ಮನ ಮುಖ ನೋಡಿದಳು. ಅವನ ಕಣ್ಣಲ್ಲಿ ನೀರಾಡುತ್ತಿತ್ತು. ಆಗ ಅಂಗೈಗೆ ಅದು ಸಿಕ್ಕಿತು, ತೀರಾ ಆಳದಿಂದ, ತೀರಾ ನಯವಾಗಿ, ನಿದ್ದೆಯಲ್ಲಿರುವ ಮಗುವಿನ ಬೆನ್ನ ಮೇಲೆ ಕೈಯಿಟ್ಟರೆ ಸಿಗುವ ಉಸಿರಿನಷ್ಟು. ಕಲ್ಲು ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು. ಎಲ್ಲೂ ಓಲಾಡದೆ, ಎಲ್ಲೂ ಕುಲುಕದೆ, ನಿಂತೇ ಇದೆಯೆನ್ನುವಷ್ಟು ನೆಟ್ಟಗೆ. ಇಷ್ಟು ಭಾರದ್ದು ಇಷ್ಟು ಜೋರಾಗಿ ತಿರುಗುತ್ತ ಇಷ್ಟು ಶಾಂತವಾಗಿ ಇರಬಲ್ಲದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

ಕನ್ನಡಕ ಹಾಕಿಕೊಂಡು ತಮ್ಮ ತನ್ನ ಹೆಂಡತಿಯ ಹಳೆಯ ಕತ್ತರಿಯ ಅಲಗನ್ನು ಕಲ್ಲಿಗೆ ಮುಟ್ಟಿಸಿದ. ಕಿಡಿಗಳು ಬಿಡಿಸಿದ ಬೀಸಣಿಗೆಯ ಹಾಗೆ ಕೆಳಗೆ ಚೆಲ್ಲಿದವು. ತುಕ್ಕು ಹೋಗಿ ಬಿಳಿ ಗೆರೆಯೊಂದು ಅಲಗಿನ ಉದ್ದಕ್ಕೂ ಎದ್ದಿತು. ಟೈಲರು ಕತ್ತರಿ ತೆಗೆದುಕೊಂಡು ಒಂದು ಚಿಂದಿ ಬಟ್ಟೆಯ ಮೇಲೆ ಆಡಿಸಿದಳು. ಬಟ್ಟೆ ತಾನಾಗಿ ದಾರಿ ಬಿಟ್ಟಿತು.

"ಆನೆ ಇರಲಿ ಬಿಡಿ," ಎಂದಳು.

ತಮ್ಮ ಸ್ವಿಚ್ಚು ಆರಿಸಿ, ಪ್ಲಗ್ ಕೀಳಲು ಗೋಡೆಯ ಕಡೆ ಹೋದ. ಲೋಟದ ನೀರು ಹಾಗೇ ಇತ್ತು, ಕಲ್ಲು ಹಾಗೇ ಇತ್ತು, ನುಣ್ಣಗೆ, ಬೂದುಬಣ್ಣದಲ್ಲಿ, ಸುಮ್ಮನೆ. ಟೈಲರು ತನ್ನ ತೋಳಿನಿಂದ ಹಾರಿದ ಒಂದು ಕೆಂಪು ನೂಲೆಳೆ ಕಲ್ಲಿನ ಬಳಿ ಬಿದ್ದದ್ದನ್ನು ನೋಡಿ, ಅದನ್ನು ತೆಗೆಯಲು ಕೈ ಚಾಚಿದಳು.

ಗಂಟೆಯಕ್ಕನ ಅಂಗೈ ಇನ್ನೂ ಕಂಬದ ಮೇಲಿತ್ತು.

"ಮುಟ್ಟಬೇಡ," ಎಂದಳು. "ಇನ್ನೂ ತಿರುಗ್ತಾ ಇದೆ."

ಟೈಲರು ಕೈ ಹಿಂದಕ್ಕೆಳೆದುಕೊಂಡಳು. ತಮ್ಮ ಬಂದು ಒಂದು ಮರದ ಚಕ್ಕೆಯನ್ನು ಕಲ್ಲಿಗೆ ತಾಗಿಸಿದ. ಚಕ್ಕೆಯ ತುದಿ ಹುಡಿಯಾಗಿ ಉದುರಿತು. ಕಿವಿ ಚೆನ್ನಾಗಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೂವರೂ ಕಾದರು. ಗಂಟೆಯಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಕಬ್ಬಿಣದ ಒಳಗಿನ ಆ ಉಸಿರು ತೆಳ್ಳಗಾಗುತ್ತ, ಇನ್ನೂ ತೆಳ್ಳಗಾಗುತ್ತ, ಬೇರಿಂಗಿನ ಕೊನೆಯ ಗುಂಡು ಉರುಳಿ ನಿಲ್ಲುವವರೆಗೂ ಅವಳು ಅದರ ಜೊತೆಗಿದ್ದಳು. ಆಮೇಲೆ ಅಂಗೈ ತೆಗೆದಳು.

"ಸರಿಯಿದೆ," ಎಂದಳು.

ಆಗ ಟೈಲರು ಕೈ ಚಾಚಿ ನೂಲನ್ನು ಎತ್ತಿಕೊಂಡಳು.